ಕಲಾಯಿ

"ಎಲ್ಲ ಮೇಲೆ ಬನ್ನಿ! ಇವತ್ತು ಇನ್ನು ತೆಗೀಬೇಡಿ!"

ಮರಳುದಿಬ್ಬದ ನೆತ್ತಿಯಲ್ಲಿ ಬೈಕು ನಿಲ್ಲಿಸಿ ಬಿಶಾರಾ ಎರಡೂ ಕೈಯೆತ್ತಿ ಕೂಗುತ್ತಿದ್ದ. ಕೆಳಗೆ ಕೊಳದಲ್ಲಿ ಮೊಣಕಾಲುದ್ದ ನೀರಿಗಿಳಿದು ಸಾಲಾಗಿ ಬಗ್ಗಿದ್ದ ಹೆಂಗಸರು ತಲೆಯೆತ್ತಿ ನೋಡಿದರು, ಮತ್ತೆ ಬಗ್ಗಿದರು. ಗಾಳಿ ಒಂದೇ ದಿಕ್ಕಿನಿಂದ ಬೀಸಿ ಕೊಳದ ಪಾಚಿಯನ್ನೆಲ್ಲ ಈ ಅಂಚಿಗೆ ತಂದು ಕೂಡಿಹಾಕಿತ್ತು. ನೀರಿನ ಮೇಲೆ ಹಸಿರು ಕೆನೆ ಬೆರಳು ದಪ್ಪ ಕಟ್ಟಿತ್ತು. ಇಂಥ ಬೆಳಗು ಅಪರೂಪಕ್ಕೆ ಸಿಗುವಂಥದ್ದು. ಅದನ್ನು ಬಿಟ್ಟು ಮೇಲೆ ಬರುವವರು ಯಾರು?

"ಏನಂತೆ ಅವನದು?" ಎಂದಳು ಫಾಲ್ತಜ್ಜಿ, ಸೋರೆಬುರುಡೆಯಲ್ಲಿ ಕೆನೆ ತೋಡಿ ಬುಟ್ಟಿಗೆ ಸುರಿಯುತ್ತ. "ಕೆಳಗಿಳಿದು ಬಂದು ಹೇಳೋಕೇನು ರೋಗ?"

"ಗಂಡಸರ ಕಾಲು ಬಿದ್ರೆ ಕೊಳ ಬಂಜೆ ಆಗುತ್ತೆ ಅಂತ ಹೋದ್ಸಲ ಅವನ ಮೇಲೆ ಕೆಸರು ಎರಚಿದ್ದು ನೀನೇ ಅಲ್ವಾ ಅಜ್ಜಿ?" ಎಂದಳು ಪಕ್ಕದವಳು. ಸಾಲಿನುದ್ದಕ್ಕೂ ನಗು ಹರಿಯಿತು.

ಯಾಕುರ ನಗಲಿಲ್ಲ. ಬರಿಯಾ ಕೊಳದ ಹೆಂಗಸರಿಗೆ ಅವಳೇ ಮುಂದಾಳು. ಯಾರು ಯಾವಾಗ ನೀರಿಗಿಳಿಯಬೇಕು ಎಂದು ಹೇಳುವವಳು ಅವಳು, ಒಣಗಿಸಿದ ಪಾಚಿಯನ್ನು, ಅವರ ಮಾತಿನಲ್ಲಿ ದಿಹೆಯನ್ನು, ಕಂಪನಿಗೆ ತೂಗಿ ಕೊಡುವವಳೂ ಅವಳೇ. ಬಿಶಾರಾ ಆ ಕಂಪನಿಯ ಹುಡುಗ. ಬಂದಾಗಲೆಲ್ಲ ಮೊದಲು ಚಹಾ ಕೇಳುತ್ತಿದ್ದ, ಮುದುಕಿಯರನ್ನು "ನನ್ನ ಮದುವೆ ಆಗ್ತೀಯಾ?" ಎಂದು ರೇಗಿಸುತ್ತಿದ್ದ. ಇವತ್ತು ಮುಖಕ್ಕೆ ಸುತ್ತಿದ ರುಮಾಲನ್ನೂ ಬಿಚ್ಚದೆ ನಿಂತಿದ್ದ. ಯಾಕುರ ಬುಟ್ಟಿಯನ್ನು ಪಕ್ಕದವಳಿಗೆ ಕೊಟ್ಟು, ಉಟ್ಟ ಬಟ್ಟೆಯ ಅಂಚು ಹಿಂಡಿಕೊಳ್ಳುತ್ತ ದಿಬ್ಬ ಹತ್ತಿದಳು.

"ಅಮ್ಮಾ, ಹೋದ ಸಲ ಕಳಿಸಿದ್ದೆಲ್ಲ ವಾಪಸು ಬಂತು," ಎಂದ ಅವನು, ದನಿ ತಗ್ಗಿಸಿ.

"ಮರಳು ಸಿಕ್ತಾ?"

"ಮರಳಾಗಿದ್ರೆ ಜರಡಿ ಹಿಡಿಯೋಣ ಅನ್ನಬಹುದಿತ್ತು. ಸೀಸ ಸಿಕ್ಕಿದೆ. ಗುಳಿಗೆ ಮಾಡೋಕೆ ಮುಂಚೆ ಅವರು ಪರೀಕ್ಷೆ ಮಾಡಿಸ್ತಾರಲ್ಲ, ಈ ಸಲವೇ ಮೊದಲು ಸೀಸಕ್ಕೂ ನೋಡಿದ್ದು, ಅಲ್ಲಿ ಗೊತ್ತಾಯ್ತು."

"ಸೀಸ ಅಂದ್ರೆ?"

"ಲಾರಿ ಬ್ಯಾಟರಿ ಒಳಗೆ ಇರುತ್ತಲ್ಲ, ಬಲೆಗೆ ಕಟ್ಟೋ ಗುಂಡುಗಳಲ್ಲಿ ಇರುತ್ತಲ್ಲ, ಅದು. ವಿಷ. ಒಂದೇ ದಿನಕ್ಕೆ ಏನೂ ಆಗಲ್ಲ, ಸ್ವಲ್ಪ ಸ್ವಲ್ಪವೇ ಮೈಯೊಳಗೆ ಕೂತ್ಕೊಳ್ಳುತ್ತೆ. ದೊಡ್ಡವರು ಹೇಗೋ ತಡ್ಕೋತಾರೆ. ಮಕ್ಕಳ ತಲೆಗೆ ಹತ್ತುತ್ತೆ ಅಮ್ಮಾ. ಮಾತು ಬರೋದು, ಬುದ್ಧಿ ಬೆಳೆಯೋದು, ಎಲ್ಲಾ ಹಿಂದೆ ಬೀಳುತ್ತೆ. ಎಲ್ಲಿಂದ ಬಂತು ಅಂತ ಗೊತ್ತಾಗೋವರೆಗೂ ಮಕ್ಕಳಿಗೆ, ಬಸುರಿಯರಿಗೆ ಕೊಡಬೇಡಿ."

ಅಷ್ಟರಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಮೇಲೆ ಬಂದು ಸುತ್ತ ನೆರೆದರು. ಬಿಶಾರಾ ಅದೇ ಮಾತನ್ನು ಅವರಿಗೆ ಮತ್ತೆ ಹೇಳಿದ.

"ಸೀಸವಂತೆ! ಹಾಗಾದ್ರೆ ನನ್ನ ಹೊಟ್ಟೆಯೊಳಗೆ ಇಷ್ಟೊತ್ತಿಗೆ ಒಂದು ಲಾರಿ ಓಡ್ಬೇಕಿತ್ತು," ಎಂದಳು ಫಾಲ್ತಜ್ಜಿ. "ನನ್ನಮ್ಮನ ಮೊಲೆ ಬಿಟ್ಟ ಮೇಲೆ ದಿಹೆ ತಿಂದೇ ಬೆಳೆದವಳು ನಾನು. ಹನ್ನೊಂದು ಹೆತ್ತೆ. ಎಲ್ಲಯ್ಯಾ ನಿನ್ನ ವಿಷ?"

"ಕೊಳದ ನೀರು ಪರೀಕ್ಷೆ ಆಗಿದೆ ಅಜ್ಜಿ, ಅದು ಚೆನ್ನಾಗಿದೆ. ಆಚೆ ಕೊಳದವರ ದಿಹೆನೂ ಚೆನ್ನಾಗಿದೆ. ಹಾಗಾದ್ರೆ ನೀವು ಮಾಡೋದ್ರಲ್ಲೇ ಏನೋ ಸೇರ್ತಿದೆ." ಬಿಶಾರಾ ಯಾಕುರಳ ಕಡೆ ತಿರುಗಿದ. "ಅಮ್ಮಾ, ಒಣಹಾಕೋ ತಟ್ಟೆಗಳು ರಾಜಧಾನಿಯಿಂದ ತರಿಸಿದ ಸ್ಟೀಲಿನವೇ ಅಲ್ವಾ? ನಾನು ಬರೋಕೆ ಮುಂಚೆ ಅದಕ್ಕೆ ಅಂತ ಕಂಪನಿ ದುಡ್ಡು ಕೊಟ್ಟಿತ್ತಂತೆ."

"ಹೌದಪ್ಪಾ," ಎಂದಳು ಯಾಕುರ. "ಅವೇ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ತನ್ನದೇ ದನಿ ಎಂದು ಅವಳಿಗೆ ಗೊತ್ತಾಯಿತು. ಫಾಲ್ತಜ್ಜಿ ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಉಳಿದವರು ನೆಲ ನೋಡಿದರು. ಅಂಥ ಸ್ಟೀಲು ತಟ್ಟೆ ಇಲ್ಲಿ ಒಂದೂ ಇರಲಿಲ್ಲ. ಕಂಪನಿ ಕೊಟ್ಟ ದುಡ್ಡಿಗೆ ನಾಲ್ಕಾರು ತಟ್ಟೆ ಬರುತ್ತಿತ್ತೇ ಹೊರತು ಎಲ್ಲರಿಗೂ ಸಾಲುತ್ತಿರಲಿಲ್ಲ. ಹಂಚಿಕೊಳ್ಳುವುದರಲ್ಲಿ ಜಗಳವಾಗುತ್ತದೆಂದು ಯಾಕುರ ಪೇಟೆಯ ಕಮ್ಮಾರ ತಿಜಾನಿಯ ಹತ್ತಿರ ಹಳೇ ಪೀಪಾಯಿಗಳ ತಗಡು ಕತ್ತರಿಸಿ ಮನೆಗೊಂದರಂತೆ ತಟ್ಟೆ ಮಾಡಿಸಿದ್ದಳು. ಸವಳು ನೀರಿಗೆ ತುಕ್ಕು ಹಿಡಿಯದಂತೆ ಅವನು ಒಳಮೈಗೆಲ್ಲ ಕಲಾಯಿ ಹಾಕಿಕೊಟ್ಟಿದ್ದ. ಹೊಸತರಲ್ಲಿ ಅವು ಎಷ್ಟು ಹೊಳೆಯುತ್ತಿದ್ದವೆಂದರೆ ಹುಡುಗಿಯರು ಅದರಲ್ಲಿ ಮುಖ ನೋಡಿಕೊಂಡು ತಲೆ ಹೆಣೆದುಕೊಳ್ಳುತ್ತಿದ್ದರು.

ಬಿಶಾರಾ ಮತ್ತೊಮ್ಮೆ ಪರೀಕ್ಷೆಗೆಂದು ಶೀಶೆಯೊಂದಕ್ಕೆ ನೀರು, ಇನ್ನೊಂದಕ್ಕೆ ಮರಳು ತುಂಬಿಸಿಕೊಂಡು ಹೊರಟುಹೋದ.

*

ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಬೇರೆಯದೇ ಮಾತು ಹಬ್ಬಿತ್ತು. ವಿಷವೂ ಇಲ್ಲ, ಗಿಷವೂ ಇಲ್ಲ, ಬೆಲೆ ಇಳಿಸುವುದಕ್ಕೆ ಕಂಪನಿಯವರು ಹೂಡಿದ ಆಟ ಎಂದು ಒಬ್ಬಳು ಹೇಳಿದಳು. ಎಲ್ಲರಿಗೂ ಅದೇ ಹಿತವೆನಿಸಿತು. ಯಾಕುರ ಆ ಮಾತಿಗೆ ಹೂಂ ಎಂದಳು. ಮನೆಗೆ ಬಂದಾಗ ಬಾಗಿಲಲ್ಲೇ ಕೂತಿದ್ದ ಮಗಳು ಕೆಲ್ಲು ಕೇಳಿದಳು, "ಏನಮ್ಮಾ ಅದು, ಸೀಸವಂತೆ?"

"ಆಟ ಕಟ್ಟಿದ್ದಾರೆ. ಬೆಲೆ ಇಳಿಸೋಕೆ."

"ಹಾಗೇ ಅಂದ್ಕೊಂಡೆ," ಎಂದು ಕೆಲ್ಲು ಸೊಂಟಕ್ಕೆ ಕೈಯಿಟ್ಟು ಎದ್ದಳು. ಅವಳಿಗೆ ಏಳನೇ ತಿಂಗಳು. ಗಂಡ ದೊಡ್ಡ ಸರೋವರದ ನಡುಗಡ್ಡೆಗಳಲ್ಲಿ ಮೀನು ಹಿಡಿಯುತ್ತಿದ್ದ. ಬಾಣಂತನ ಮುಗಿಯುವತನಕ ತಾಯಿಯ ಮನೆಯಲ್ಲೇ ಇರುವುದೆಂದು ಬಸುರಾದ ಹೊಸತರಲ್ಲೇ ಮೊದಲ ಮಗ ಅಬಾಲಿಯನ್ನು ಕಟ್ಟಿಕೊಂಡು ಬಂದಿದ್ದಳು.

ಅಬಾಲಿಗೆ ಎರಡು ತುಂಬಿ ಎಷ್ಟೋ ದಿನವಾಗಿತ್ತು. ಇನ್ನೂ ಮಾತು ಬಂದಿರಲಿಲ್ಲ. ಬೇಕಾದ್ದನ್ನು ಬೆರಳಿಟ್ಟು ತೋರಿಸುತ್ತಿದ್ದ, ಸಿಟ್ಟು ಬಂದರೆ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದ. ಗಂಡು ಮಕ್ಕಳಿಗೆ ಮಾತು ತಡ ಎಂದು ಎಲ್ಲರೂ ಹೇಳುತ್ತಿದ್ದರು, ಯಾಕುರಳೂ ಹೇಳುತ್ತಿದ್ದಳು. ದಿನಾ ಎರಡು ಹೊತ್ತು ಅವನ ಸಜ್ಜೆ ಗಂಜಿಗೆ ಒಂದು ಚಿಟಿಕೆ ದಿಹೆ ಪುಡಿ ಬೆರೆಸಿ ತಾನೇ ಉಣಿಸಿ, "ನೋಡಿ, ನನ್ನ ಮೊಮ್ಮಗನ ತೊಡೆ ನೋಡಿ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದವಳೂ ಅವಳೇ.

ಈಗ ಅವನು ಅಂಗಳದಲ್ಲಿ ಕೂತು ಖರ್ಜೂರದ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಯಾಕುರ ಹಿಂದಿನಿಂದ ಹೋಗಿ ನಿಂತು ಮೆಲ್ಲನೆ ಕರೆದಳು. "ಅಬಾಲಿ." ಅವನು ತಿರುಗಲಿಲ್ಲ. "ಅಬಾಲೀ." ತಿರುಗಲಿಲ್ಲ. ಮೂರನೇ ಸಲಕ್ಕೆ ಅವನು ತಲೆಯೆತ್ತಿ ನೋಡಿ ನಕ್ಕ. ಅವಳಿಗೆ ಹೋದ ಜೀವ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಅನುಮಾನ. ಅವನು ನಕ್ಕದ್ದು ಹೆಸರು ಕೇಳಿಯೋ, ನೆರಳು ಬಿದ್ದಿತೆಂದೋ? ಅಜ್ಜಿ ಅನ್ನು ಎಂದಳು. ನೀರು ಅನ್ನು ಎಂದಳು. ಅವನು ಅವಳ ತುಟಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದ, ಅಷ್ಟೆ.

"ಏನಮ್ಮಾ, ಮಗೂಗೆ ಪರೀಕ್ಷೆ ಇಟ್ಟಿದ್ದೀಯಾ?" ಎಂದು ಕೆಲ್ಲು ಒಳಗಿನಿಂದ ನಕ್ಕಳು.

ಸಂಜೆಗೆ ಮುಂಚೆ ಅಲ್ಹಾಜಿ ಕಚಲ್ಲಾ ಬಂದ. ಗಡಿಯಾಚೆಗೆ ಒಣಮೀನು, ಈರುಳ್ಳಿ, ದಿಹೆ ಸಾಗಿಸುವ ವರ್ತಕ. ಸುದ್ದಿ ಅವನಿಗೆ ಆಗಲೇ ತಲುಪಿತ್ತು. ಬೇಲಿಯ ನೆರಳಲ್ಲಿ ಕೂತು, ಕೊಟ್ಟ ಚಹಾವನ್ನು ಸದ್ದು ಮಾಡಿ ಹೀರಿದ.

"ಗುಳಿಗೆ ಕಂಪನಿಯವರು ಬೇಡ ಅಂದ್ರೆ ಬಿಡು ತಂಗೀ. ನಮ್ಮ ಕಡೆ ಜನ ಸಾರು ಮಾಡ್ಕೊಂಡು ಉಣ್ತಾರೆ. ಅಲ್ಲಿ ಯಾರೂ ಶೀಶೆ ಹಿಡ್ಕೊಂಡು ಕೂತಿರಲ್ಲ. ಕೊಳದ ಹತ್ರ ಗುಡಿಸಲಲ್ಲಿ ಇರೋ ದಿಹೆ ಮೂಟೆ ಎಲ್ಲಾ ನಾನೇ ಎತ್ಕೋತೀನಿ. ನೀನು ಹೂಂ ಅಂದ್ರೆ ನಾಳಿದ್ದು ಗಾಡಿ ಕಳಿಸ್ತೀನಿ."

"ಹೆಂಗಸರನ್ನ ಕೇಳ್ಬೇಕು ಅಣ್ಣಾ."

"ಅವರನ್ನೆಲ್ಲ ಕೇಳ್ಕೊಂಡೇ ಬಂದೆ. ಯಾಕುರ ಹೂಂ ಅಂದ್ರೆ ನಮ್ಮದೂ ಹೂಂ ಅಂದ್ರು."

ಅವನು ಹೋದ ಮೇಲೂ ಅವಳು ಅಲ್ಲೇ ಕೂತಿದ್ದಳು. ಎಷ್ಟು ಸುಲಭ! ಮೂಟೆಗಳು ಗಡಿ ದಾಟುತ್ತವೆ. ತಟ್ಟೆಗಳನ್ನು ಎಲ್ಲಾದರೂ ಒಗೆದು, ಮರಳಿನಲ್ಲೇ ಒಣಗಿಸೋಣ ಎಂದರಾಯಿತು. ಬಿಶಾರಾ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ. ಯಾರೂ ಏನೂ ಕೇಳುವುದಿಲ್ಲ. ಆದರೆ ಇದಿಷ್ಟನ್ನು ಯೋಚಿಸಿದ ಮೇಲೂ ಅವಳ ಕಣ್ಣು ಅಂಗಳದಲ್ಲಿದ್ದ ಮಗುವಿನ ಮೇಲಿಂದ ಕದಲಲಿಲ್ಲ. ಅವನೊಳಗೆ ಆಗಲೇ ಕೂತದ್ದನ್ನು ಯಾವ ಗಾಡಿ ಹೊತ್ತುಕೊಂಡು ಹೋಗುತ್ತದೆ?

"ಅಮ್ಮಾ," ಎಂದಳು ಕೆಲ್ಲು. ಅವಳು ಅಡುಗೆ ಗುಡಿಸಿಲ ಬಾಗಿಲಲ್ಲಿ ನಿಂತಿದ್ದಳು. "ದಿಹೆ ಡಬ್ಬಿ ಎಲ್ಲಿ?"

"ಅಲ್ಲೇ ಇರ್ಬೇಕು ನೋಡು."

"ಇಲ್ಲ. ನೀನು ಬಂದ ತಕ್ಷಣ ಎತ್ತಿಟ್ಟದ್ದು ನಾನು ನೋಡಿದೆ." ಕೆಲ್ಲು ಹತ್ತಿರ ಬಂದಳು. ನಗು ಹೋಗಿತ್ತು. "ಕಂಪನಿಯವರ ಆಟ ಆದ್ರೆ ಡಬ್ಬಿ ಯಾಕೆ ಬಚ್ಚಿಟ್ಟೆ?"

ಯಾಕುರ ಪಕ್ಕದಲ್ಲಿದ್ದ ಚಹಾದ ಒಲೆ ಊದುವವಳಂತೆ ಬಗ್ಗಿದಳು. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

"ಅಮ್ಮಾ, ನನ್ನ ಮುಖ ನೋಡು."

"ನಾಳೆ ಹೇಳ್ತೀನಿ," ಎಂದಳು ಯಾಕುರ. "ಒಂದು ಕಡೆ ಹೋಗಿ ಬಂದು ಹೇಳ್ತೀನಿ."

*

ಬೆಳಗಾಗುತ್ತಲೇ ಅವಳು ತನ್ನ ಮನೆಯ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ, ಸಂತೆಯ ಗಾಡಿ ಹತ್ತಿ ಪೇಟೆಗೆ ಹೋದಳು. ದಾರಿಯುದ್ದಕ್ಕೂ ತಿಜಾನಿಗೆ ಏನು ಹೇಳಬೇಕೆಂದು ಬಾಯಲ್ಲೇ ಕಟ್ಟಿಕೊಳ್ಳುತ್ತಿದ್ದಳು. ನಂಬಿ ಕೊಟ್ಟೆನಲ್ಲೋ, ನಿನ್ನ ಮಕ್ಕಳಿಗೆ ಹೀಗೆ ಮಾಡ್ತಿದ್ಯಾ? ನಾಲ್ಕು ಜನ ಸೇರುವ ಹಾಗೆ ಕೂಗಬೇಕು. ಸಿಟ್ಟು ಬರಬರುತ್ತ ಹಿಂದಿನ ದಿನದ ಹೆದರಿಕೆ ಸ್ವಲ್ಪ ಹಿಂದೆ ಸರಿದಂತಾಗಿ ಅವಳಿಗೆ ಸಮಾಧಾನವೇ ಆಯಿತು.

ಕಮ್ಮಾರರ ಮನೆಗಳು ಪೇಟೆಯಿಂದ ಆಚೆಗಿದ್ದವು. ಅವರ ಜೊತೆ ಹೆಣ್ಣು ಕೊಟ್ಟು ತರುವ ವಾಡಿಕೆ ಯಾರಿಗೂ ಇರಲಿಲ್ಲ. ಕೆಲಸವಿದ್ದವರು ಬೇಲಿಯ ಹೊರಗೆ ನಿಂತು ಮಾತಾಡಿ ಹೋಗುತ್ತಿದ್ದರು. ಯಾಕುರ ಎಂದೂ ಬೇಲಿ ದಾಟಿದವಳಲ್ಲ. ಇವತ್ತು ದಾಟಿದಳು.

ಅಂಗಳದ ನಡುವೆ ಇದ್ದಲ ಒಲೆಯ ಮೇಲೆ ಕಬ್ಬಿಣದ ಬಾಣಲೆ ಇತ್ತು. ಅದರೊಳಗೆ ಹಾಲಿನ ಕೆನೆಯಂತೆ ಬೆಳ್ಳಗೆ ಏನೋ ಕರಗಿ ನಡುಗುತ್ತಿತ್ತು. ಪಕ್ಕದಲ್ಲಿ ಹೊಟ್ಟೆ ಸೀಳಿದ ಲಾರಿ ಬ್ಯಾಟರಿಗಳು ರಾಶಿ ಬಿದ್ದಿದ್ದವು. ನೆಲವೆಲ್ಲ ಬೂದಿ ಬಣ್ಣದ ಪುಡಿ. ತಿಜಾನಿ ಬಗ್ಗಿ ಕುಳಿತು ನೀರಿನ ಹಂಡೆಯೊಂದರ ಒಳಮೈಗೆ ಬಟ್ಟೆಯ ಉಂಡೆಯಿಂದ ಆ ಬೆಳ್ಳನೆಯದನ್ನು ಸವರುತ್ತಿದ್ದ. ಸವರಿದಲ್ಲೆಲ್ಲ ಹಂಡೆ ಫಳಫಳ ಹೊಳೆಯುತ್ತಿತ್ತು. ಆ ಹೊಳಪು ಅವಳಿಗೆ ಗುರುತಿತ್ತು.

"ಬನ್ನಿ ಅಕ್ಕಾ, ಬನ್ನಿ," ಎಂದು ಅವನು ಎದ್ದ. ಅವನ ಕೈ ಸಣ್ಣಗೆ ಅದುರುತ್ತಿತ್ತು. "ತಟ್ಟೆ ಕಲಾಯಿ ಬಿಡ್ತಾ? ಮತ್ತೆ ಹಾಕ್ಕೊಡ್ತೀನಿ. ದುಡ್ಡು ಆಮೇಲೆ ಕೊಟ್ರೂ ಆಯ್ತು."

"ತಿಜಾನಿ, ಇದೇನಿದು? ಕಲಾಯಿಗೆ ತವರ ಅಲ್ವಾ ಹಾಕೋದು?"

"ತವರ ಈಗೆಲ್ಲಿ ಸಿಗುತ್ತೆ ಅಕ್ಕಾ? ಸಿಕ್ರೂ ನಿಮಗೆ ನನಗೆ ಎಟಕುತ್ತಾ? ಇದೂ ಅಷ್ಟೇ ಚೆನ್ನಾಗಿ ಹಿಡಿಯುತ್ತೆ. ಬೇಗ ಕರಗುತ್ತೆ ಬೇರೆ."

ಕಟ್ಟಿಕೊಂಡು ಬಂದಿದ್ದ ಮಾತು ಅವಳ ಗಂಟಲಿಗೆ ಬಂತು. ಅದೇ ಹೊತ್ತಿಗೆ ಒಳಗೆ ಒಂದು ಮಗು ನರಳಿತು. ಚಾಪೆಯ ಮರೆಯಲ್ಲಿ ಆರೇಳು ವರ್ಷದ ಹುಡುಗಿ ಮೊಣಕಾಲುಗಳನ್ನು ಹೊಟ್ಟೆಗೆ ಅವುಚಿಕೊಂಡು ಮಲಗಿದ್ದಳು. ಮುಖ ಒಣಗಿದ ಸೋರೆಯ ಹಾಗೆ ಬಿಳಿಚಿತ್ತು. ತಾಯಿ ಮೈರಮ್ ಅವಳ ಹೊಟ್ಟೆಗೆ ಬಿಸಿ ಬಟ್ಟೆ ಒತ್ತುತ್ತಿದ್ದಳು.

"ಏನಾಗಿದೆ ಮಗೂಗೆ?"

"ಫನ್ನಾಗೆ ಹೊಟ್ಟೆನೋವು ಅಕ್ಕಾ, ಬಿಟ್ಟು ಬಿಟ್ಟು ಬರುತ್ತೆ," ಎಂದ ತಿಜಾನಿ. "ಈಚೆಗೆ ನಡೀತಾ ನಡೀತಾ ಮುಗ್ಗರಿಸ್ತಾಳೆ. ಮೊದಲು ಎಷ್ಟು ಚುರುಕಿದ್ಲು ಗೊತ್ತಾ? ನನ್ನ ಬಾಣಲೆ ಪಕ್ಕದಲ್ಲೇ ಕೂತು ಹಾಡ್ತಿದ್ಲು. ಈಗ ಕರೆದ್ರೆ ಸುಮ್ಮನೆ ನೋಡ್ತಾಳೆ. ಮುಲ್ಲಾ ಹತ್ರ ತಾಯಿತ ಕಟ್ಟಿಸಿದೆ. ಯಾರದೋ ಕಣ್ಣು ಬಿದ್ದಿದೆ ಅಂದ್ರು."

ಯಾಕುರ ಅಲ್ಲೇ ಬೋರಲು ಹಾಕಿದ್ದ ಒರಳಿನ ಮೇಲೆ ಕೂತುಬಿಟ್ಟಳು. ಕೂಗಬೇಕೆಂದು ಬಂದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಬಿಶಾರಾ ಹೇಳಿದ್ದನ್ನು ಅವಳು ಅವನು ಹೇಳಿದ ಹಾಗೆಯೇ ಹೇಳಿದಳು, ಒಂದೂ ಬಿಡದೆ. ಮೈಯೊಳಗೆ ಕೂರುತ್ತದೆ, ಮಕ್ಕಳ ತಲೆಗೆ ಹತ್ತುತ್ತದೆ.

ತಿಜಾನಿಯ ಮುಖ ಬಿಗಿಯಿತು. "ಇಷ್ಟು ದಿನ ಮುಟ್ಟಿದ್ರೆ ಮೈಲಿಗೆ ಅಂತಿದ್ರಿ. ಈಗ ವಿಷ ಹಾಕ್ತಾನೆ ಅಂತ ಶುರು ಮಾಡಿದ್ರಾ? ನಮ್ಮಪ್ಪ ಇದೇ ಬೆಂಕಿ ಮುಂದೆ ಕೂತು ಸತ್ತ. ಅವನಿಗೇನೂ ಆಗಿರ್ಲಿಲ್ಲ."

"ನಿಮ್ಮಪ್ಪ ಬ್ಯಾಟರಿ ಕರಗಿಸ್ತಿದ್ನಾ?"

ಅವನು ಹೊಟ್ಟೆ ಸೀಳಿದ ಬ್ಯಾಟರಿಗಳ ರಾಶಿಯ ಕಡೆ ತಿರುಗಿದ.

"ನಾನು ನಿನ್ನ ಬೈಯೋಕೆ ಅಂತಲೇ ಬಂದೆ, ಸುಳ್ಳು ಹೇಳಲ್ಲ," ಎಂದಳು ಯಾಕುರ. "ಆದ್ರೆ ತಟ್ಟೆ ಮಾಡ್ಸಿದ್ದು ನಾನು. ಆ ತಟ್ಟೇಲಿ ಒಣಗಿಸಿದ್ದನ್ನ ನನ್ನ ಮೊಮ್ಮಗೂಗೆ ಎರಡು ಹೊತ್ತು ತಿನ್ನಿಸಿದ್ದು ನಾನು, ಈ ಕೈಯಲ್ಲೇ. ಅವನಿಗೆ ಇನ್ನೂ ಮಾತು ಬಂದಿಲ್ಲ ತಿಜಾನಿ. ನಿನ್ನೆ ಕಂಪನಿಯವನು ಕೇಳಿದಾಗ ಸ್ಟೀಲಿನ ತಟ್ಟೆ ಅಂದೆ. ನನ್ನ ಮಗಳಿಗೂ ಹೇಳಿಲ್ಲ. ನಿನಗೇ ಮೊದಲು ಹೇಳ್ತಿರೋದು."

ಬಾಣಲೆಯಲ್ಲಿ ಸೀಸ ಸಣ್ಣಗೆ ಗುಳುಗುಳು ಎನ್ನುತ್ತಿತ್ತು. ಮೈರಮ್ ಒಳಗಿನಿಂದ ಎದ್ದು ಬಂದಳು. ಯಾರಿಗೂ ಏನೂ ಹೇಳದೆ ನೀರಿನ ಮಡಕೆ ಎತ್ತಿ ಇದ್ದಲ ಮೇಲೆ ಸುರಿದಳು. ಬುಸ್ಸೆಂದು ಹಬೆ ಎದ್ದು ಮೂವರೂ ಹಿಂದೆ ಸರಿದರು.

"ಯಾವ ಆಸ್ಪತ್ರೆಗೆ ಹೋಗ್ಬೇಕಂತೆ ಅಕ್ಕಾ?" ಎಂದಳು ಅವಳು, ಕೆಮ್ಮುತ್ತ. "ಅದನ್ನ ಹೇಳಿ ಮೊದಲು."

*

ಊರಿಗೆ ಬಂದ ಯಾಕುರ ಮನೆಗೆ ಹೋಗದೆ ನೇರ ಕೊಳದ ದಂಡೆಯ ಗುಡಿಸಿಲಿಗೆ ಹೋದಳು. ಹೆಂಗಸರನ್ನು ಕರೆಸಿದಳು. ಕೆಲ್ಲುವೂ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಯಾಕುರ ತಟ್ಟೆಯನ್ನು ನಡುವೆ ಇಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಕೊನೆಗೆ, "ಕಚಲ್ಲಾಗೆ ನಾನು ಹೂಂ ಅನ್ನಲ್ಲ," ಎಂದಳು.

ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬಳು ತನ್ನ ಮಗುವಿನ ಹೊಟ್ಟೆನೋವು ನೆನೆದು ಅತ್ತಳು. ಇನ್ನೊಬ್ಬಳು, "ನಿನ್ನ ದೊಡ್ಡಸ್ತಿಕೆಗೆ ನಮ್ಮ ಮಕ್ಕಳಾ?" ಎಂದು ಯಾಕುರಳ ಮುಖಕ್ಕೇ ಬಂದಳು. "ದಿಹೆ ಮಾರಲಿಲ್ಲ ಅಂದ್ರೆ ಮಳೆಗಾಲದವರೆಗೂ ತಿನ್ನೋದೇನು?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

"ಅವಳೊಬ್ಬಳನ್ನೇ ಯಾಕೆ ತಿಂತೀರಾ?" ಎಂದಳು ಫಾಲ್ತಜ್ಜಿ. "ನಿನ್ನೆ ಅವಳು ಸುಳ್ಳು ಹೇಳಿದಾಗ ನಾವೆಲ್ಲ ಅಲ್ಲೇ ಇದ್ವಲ್ಲ? ನಾನೂ ಬಾಯಿ ಮುಚ್ಕೊಂಡೆ. ತಟ್ಟೆ ಹೋದ್ರೆ ಮೊದಲಿನ ಹಾಗೆ ಮರಳಲ್ಲಿ ಒಣಗಿಸಿ ಮರಳು ಕಡೀಬೇಕಲ್ಲ ಅಂತ. ನನಗಿರೋದೇ ಮೂರು ಹಲ್ಲು."

ಯಾರೂ ನಗಲಿಲ್ಲ.

ಯಾಕುರ ನೋಡುತ್ತಿದ್ದದ್ದು ಮಗಳನ್ನು. ಕೆಲ್ಲು ಬೈಯಲಿಲ್ಲ, ಅಳಲಿಲ್ಲ. ಮಗುವಿನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು ನಿಂತಿದ್ದವಳು, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. "ನಿನ್ನೆ ನಾನು ಕೇಳಿದೆ," ಎಂದಳು, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ. "ನಿನ್ನ ಮುಖ ನೋಡ್ಕೊಂಡು ಕೇಳಿದೆ." ಅಷ್ಟು ಹೇಳಿ ದಿಬ್ಬ ಹತ್ತಿ ಹೋದಳು.

ಬಿಶಾರಾ ಮತ್ತೆ ಬಂದಾಗ ಯಾಕುರ ಅವನಿಗೂ ಹೇಳಿದಳು. ಅವನು ರುಮಾಲನ್ನು ಕಿತ್ತು ನೆಲಕ್ಕೆ ಒಗೆದ. "ನಿಮ್ಮ ಮಾತು ನಂಬಿ ಅಲ್ಲಿ ತಟ್ಟೆ ಸರಿಯಾಗಿದೆ ಅಂತ ಬರ್ಕೊಟ್ಟೆ ಅಮ್ಮಾ! ನನ್ನ ಕೆಲಸ ಹೋಗ್ತಿತ್ತು. ಕೆಲಸದ ಮನೆ ಹಾಳಾಗ್ಲಿ, ಇನ್ನಷ್ಟು ಮಕ್ಕಳು ತಿಂದಿದ್ರೆ?" ಎಂದು ಕೂಗಿದ. ಕೂಗಿ ಮುಗಿದ ಮೇಲೆ ಅವನೇ ತಟ್ಟೆಗಳನ್ನೆಲ್ಲ ಲೆಕ್ಕ ಹಾಕಿಸಿ ಗೋಣಿಗಳಲ್ಲಿ ಕಟ್ಟಿಸಿದ. ಕರಗಿಸಿ ಬೇರೇನಾದರೂ ಮಾಡಿಕೊಳ್ಳುತ್ತೇನೆಂದು ತಿಜಾನಿ ಹೇಳಿಕಳಿಸಿದ್ದಕ್ಕೆ ಯಾಕುರ ಒಪ್ಪಿರಲಿಲ್ಲ. ಕಂಪನಿಯ ಲಾರಿಯಲ್ಲಿ ತಟ್ಟೆಗಳು ಹೋದವು. ಅದೇ ಲಾರಿಯ ಮುಂದಿನ ಸೀಟಿನಲ್ಲಿ ಕೆಲ್ಲು ಮತ್ತು ಅಬಾಲಿ, ಹಿಂದೆ ಚಾಪೆಯ ಮೇಲೆ ಮೈರಮ್ ಮತ್ತು ಫನ್ನಾ ರಾಜಧಾನಿಯ ಆಸ್ಪತ್ರೆಗೆ ಹೊರಟರು. ಜೊತೆಗೆ ಬರಲೇ ಎಂದು ಯಾಕುರ ಕೇಳಿದಳು. ಕೆಲ್ಲು ಬೇಡವೆಂದು ತಲೆಯಾಡಿಸಿದಳು. ಸ್ವಲ್ಪ ದೂರ ಹೋದ ಮೇಲೆ ಲಾರಿ ನಿಂತಿತು. ಕೆಲ್ಲು ಇಳಿದು ಬಂದು ಮೈರಮ್‌ಳ ಮಗುವನ್ನು ಎತ್ತಿ ಮುಂದಿನ ಸೀಟಿನಲ್ಲಿ ಮಲಗಿಸಿ, ತಾನು ಹಿಂದೆ ಹತ್ತಿ ಕೂತದ್ದು ಯಾಕುರಳಿಗೆ ದಿಬ್ಬದ ಮೇಲಿಂದ ಕಾಣಿಸಿತು.

ಮೂಟೆಗಳನ್ನು ಕೊಳದಿಂದ ದೂರ, ದನ ಮೇಯದ ಕಡೆ ಗುಂಡಿ ತೋಡಿ ಮುಚ್ಚಿದರು. ಎಲ್ಲರ ಮೂಟೆಗಳೂ ಅಲ್ಲ. ಇಬ್ಬರು ತಮ್ಮ ಪಾಲನ್ನು ಮೊದಲೇ ಕಚಲ್ಲಾನ ಗಾಡಿಗೆ ಹಾಕಿಬಿಟ್ಟಿದ್ದರು. ಅದು ಗಡಿಯಾಚೆ ಯಾವ ಊರಿನ ಯಾವ ಒಲೆಯ ಮೇಲೆ ಬೆಂದಿತೋ, ಯಾವ ಮಗುವಿನ ಬಟ್ಟಲಿಗೆ ಬಿತ್ತೋ. ಯಾಕುರಳಿಗೆ ಅದು ಆಗಾಗ ನೆನಪಾಗಿ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತಿತ್ತು.

ಹೆಂಗಸರು ಬೇರೊಬ್ಬಳನ್ನು ಮುಂದಾಳು ಮಾಡಿಕೊಂಡರು. ಯಾಕುರ ಈಗ ಸಾಲಿನ ಕೊನೆಗೆ, ಕೆನೆ ತೆಳುವಾಗಿರುವಲ್ಲಿ ನಿಲ್ಲುತ್ತಿದ್ದಳು.

*

ರಾಜಧಾನಿಯಿಂದ ಸುದ್ದಿ ಬರಲು ತಡವಾಯಿತು. ಮಕ್ಕಳ ರಕ್ತವನ್ನು ಪರೀಕ್ಷೆಗೆ ಬೇರೆ ದೇಶಕ್ಕೆ ಕಳಿಸಬೇಕಿತ್ತು. ಆ ದಿನಗಳಲ್ಲಿ ಯಾಕುರ ಊರಿನ ಯಾವ ಮಗು ಎದುರಾದರೂ ನಿಲ್ಲಿಸಿ ಮಾತಾಡಿಸುತ್ತಿದ್ದಳು. ಸರಿಯಾಗಿ ಉತ್ತರ ಕೊಟ್ಟರೆ ಬಿಟ್ಟು, ತೊದಲಿದರೆ ಆ ಮನೆಯವರು ಎಷ್ಟು ದಿಹೆ ತಿಂದಿರಬಹುದೆಂದು ಲೆಕ್ಕ ಹಾಕುತ್ತ ಮನೆಗೆ ಬರುತ್ತಿದ್ದಳು. ತಾಯಂದಿರು ಅವಳನ್ನು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು.

ಫನ್ನಾಳ ರಕ್ತದಲ್ಲಿ ಬಹಳವಿತ್ತು. ಅವಳನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಸೀಸ ಇಳಿಸುವ ಔಷಧಿ ಕೊಟ್ಟರು. ಹೊಟ್ಟೆನೋವು ಹೋಯಿತು, ಕಾಲಿನ ಬಲ ಮಾತ್ರ ಅರ್ಧವಷ್ಟೇ ಮರಳಿತು. ತಿಜಾನಿ ಅಂಗಳದ ಮಣ್ಣನ್ನು ಕೆರೆದು ಹೊರಹಾಕಿ, ಬ್ಯಾಟರಿ ಬಿಟ್ಟು ಗುದ್ದಲಿ, ಕುಡುಗೋಲು ತಟ್ಟುತ್ತಿದ್ದ. ಅವನ ಕೈಯ ಅದುರು ಮಾತ್ರ ಹಾಗೇ ಇತ್ತು. ಅಬಾಲಿಯ ರಕ್ತದಲ್ಲಿ ಅಷ್ಟಿರಲಿಲ್ಲ. ಔಷಧಿ ಬೇಡ, ಇನ್ನು ಒಳಗೆ ಹೋಗದಂತೆ ನೋಡಿಕೊಂಡರೆ ತಾನಾಗಿಯೇ ಇಳಿಯುತ್ತದೆ, ಹಾಲು ಮೊಟ್ಟೆ ಕೊಡಿ ಎಂದು ವೈದ್ಯೆ ಹೇಳಿದ್ದಳು. ಮಾತು ತಡವಾದದ್ದು ಇದರಿಂದಲೇನು ಎಂದು ಕೆಲ್ಲು ಕೇಳಿದ್ದಕ್ಕೆ, "ಇರಬಹುದು, ಇಲ್ಲದೆಯೂ ಇರಬಹುದು," ಎಂದಿದ್ದಳು.

ಇರಬಹುದು, ಇಲ್ಲದೆಯೂ ಇರಬಹುದು. ಯಾಕುರ ಆ ಎರಡು ಮಾತುಗಳ ನಡುವೆಯೇ ಮಲಗಿ ಏಳುತ್ತಿದ್ದಳು.

ಕೆಲ್ಲು ರಾಜಧಾನಿಯಲ್ಲೇ ಗಂಡನ ಅಕ್ಕನ ಮನೆಯಲ್ಲಿ ಹೆತ್ತಳು. ಹೆಣ್ಣು ಮಗು. ನಲವತ್ತು ದಿನ ಕಳೆದ ಮೇಲೆ ಗಂಡ ಅವಳನ್ನು ಕರೆತಂದು ಬಿಟ್ಟು, ಮೀನಿನ ಕಾಲ ಮುಗಿದ ಕೂಡಲೇ ಬರುತ್ತೇನೆಂದು ಹೋದ. ಅವಳು ತಾಯಿಯ ಜೊತೆ ಮಾತಾಡುತ್ತಿದ್ದಳು. ನೀರು ಕಾದಿದೆಯಾ, ಸೌದೆ ಇದೆಯಾ, ಮೇಕೆ ಕಟ್ಟಿದೆಯಾ. ಅಷ್ಟೆ. ಅಬಾಲಿಗೆ ಉಣಿಸುವುದನ್ನು ಮಾತ್ರ ತಾನೇ ಮಾಡುತ್ತಿದ್ದಳು. ಅವನಿಗೆ ಈಗ ನಾಲ್ಕೈದು ಮಾತು ಬರುತ್ತಿತ್ತು. ಓರಗೆಯ ಮಕ್ಕಳು ಅಷ್ಟು ಹೊತ್ತಿಗೆ ಜಗಳವಾಡುತ್ತಿದ್ದರು.

ಹೆಂಗಸರು ಈಗ ಕಂಬಗಳ ಮೇಲೆ ಬಿಗಿದು ಕಟ್ಟಿದ ಬಿಳೀ ಬಟ್ಟೆಯಲ್ಲಿ ದಿಹೆ ಒಣಗಿಸುತ್ತಿದ್ದರು. ಬಿಶಾರಾ ಆ ದಿಹೆಯ ತುಂಡನ್ನು ಒಯ್ದು ಪರೀಕ್ಷೆ ಮಾಡಿಸಿ, ಮತ್ತೊಮ್ಮೆ ಮಾಡಿಸಿ, ಏನೂ ಇಲ್ಲವೆಂದು ಬಂದು ಹೇಳಿದ. ಫಾಲ್ತಜ್ಜಿ ಅವತ್ತು ಅವನಿಗೆ ಚಹಾ ಕೊಟ್ಟು, "ನನ್ನ ಮದುವೆ ಯಾವಾಗ ಆಗ್ತೀಯೋ?" ಎಂದು ಕೇಳಿದಳು. ಊರಿನ ಮನೆಗಳಲ್ಲಿ ಮೆಲ್ಲಗೆ ಮತ್ತೆ ದಿಹೆಯ ಸಾರಿನ ವಾಸನೆ ಏಳತೊಡಗಿತು. ಯಾಕುರಳ ಮನೆಯಲ್ಲಿ ಇಲ್ಲ. ಅವಳು ಮಾಡಲಿಲ್ಲ, ಕೆಲ್ಲು ಕೇಳಲಿಲ್ಲ.

ಒಂದು ಮಧ್ಯಾಹ್ನ ಯಾಕುರ ಕೊಳದಿಂದ ಬಂದಾಗ ಅಡುಗೆ ಗುಡಿಸಿಲಿನಿಂದ ಹೊಗೆ ಬರುತ್ತಿತ್ತು. ಒಣಮೀನು, ಮೆಣಸಿನಕಾಯಿ, ಬೆಂಡೆಕಾಯಿ, ಅದರ ಜೊತೆಗೆ ಆ ಇನ್ನೊಂದು ವಾಸನೆ, ಕೊಳದ ವಾಸನೆ. ಅವಳು ಬಾಗಿಲಲ್ಲೇ ನಿಂತಳು. ಕೆಲ್ಲು ಹೆಣ್ಣು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮುದ್ದೆ ತಿರುವುತ್ತಿದ್ದಳು. ಕಡುಹಸಿರು ಸಾರು ಮಣ್ಣಿನ ಬಟ್ಟಲಿನಲ್ಲಿ ಹಬೆಯಾಡುತ್ತಿತ್ತು.

"ಬಟ್ಟೆ ಮೇಲೆ ಒಣಗಿಸಿದ್ದು, ಫಾಲ್ತಜ್ಜಿ ಕೊಟ್ಟು ಕಳಿಸಿದ್ಲು," ಎಂದಳು ಕೆಲ್ಲು, ತಿರುಗಿ ನೋಡದೆ. "ಕೈ ತೊಳ್ಕೊಂಡು ಬಾ."

ಮೂವರೂ ಚಾಪೆಯ ಮೇಲೆ ಬಟ್ಟಲಿನ ಸುತ್ತ ಕೂತರು. ಯಾಕುರ ಕೈ ಹಾಕಲಿಲ್ಲ. ಕೆಲ್ಲು ಸಾರನ್ನು ಸ್ವಲ್ಪ ಹೊತ್ತು ನೋಡಿದಳು. ಮುದ್ದೆಯ ಒಂದು ತುಣುಕು ಮುರಿದು, ಅದ್ದಿ, ತನ್ನ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ನುಂಗುವಾಗ ಅವಳ ಗಂಟಲು ಮೇಲೆ ಹೋಗಿ ಕೆಳಗಿಳಿದದ್ದನ್ನು ಯಾಕುರ ನೋಡಿದಳು.

ಕೆಲ್ಲು ಇನ್ನೊಂದು ತುಣುಕು ಮುರಿದಳು, ಮೊದಲಿನದಕ್ಕಿಂತ ಚಿಕ್ಕದು. ಸಾರಿನಲ್ಲಿ ಅದ್ದಿದಳು. ಅಬಾಲಿ ಮೊಣಕಾಲೂರಿ ಮುಂದಕ್ಕೆ ಬಗ್ಗಿ ಬಾಯಿ ತೆರೆದ. ಅವಳ ಕೈ ಬಟ್ಟಲಿಗೂ ಅವನ ಬಾಯಿಗೂ ನಡುವೆ ನಿಂತಿತು. ಬೆರಳ ತುದಿಯಿಂದ ಹಸಿರು ಹನಿಯೊಂದು ಚಾಪೆಗೆ ಬಿತ್ತು, ಇನ್ನೊಂದು ಬಿತ್ತು. ಮಗು ಬಾಯಿ ತೆರೆದುಕೊಂಡೇ ಕಾಯುತ್ತಿತ್ತು.